‘ಟಾಲರಂಟ್’ ಎಂಬ ಮಾತಿನ ತೂಕ

ಇಂಗ್ಲಿಷಿನಿಂದ ಬಂದು ಕನ್ನಡಿಗರ ನಿತ್ಯದ ಸಂಭಾಷಣೆಯಲ್ಲಿ ಬೇರೂರಿರುವ ಗುಣವಾಚಕಗಳಲ್ಲಿ ‘ಟಾಲರಂಟ್’ ಎಂಬುದೂ ಒಂದು. ಸಭೆ ಸಮಾರಂಭಗಳಲ್ಲಿ, ಮಹಾವೀರ ಜಯಂತಿಯ ವೇದಿಕೆಗಳಲ್ಲಿ, ಮದುವೆಯ ಮನೆಯ ಮಾತುಕತೆಗಳಲ್ಲಿ ಇದು ಪ್ರಶಂಸೆಯ ಮಾತಾಗಿ ಬಳಕೆಯಾಗುತ್ತಿದೆ. ಒಬ್ಬ ವ್ಯಕ್ತಿಯನ್ನೋ ಒಂದು ಸಮಾಜವನ್ನೋ ‘ಬಹಳ ಟಾಲರಂಟ್’ ಎಂದು ಕರೆದರೆ ಅದಕ್ಕಿಂತ ದೊಡ್ಡ ಗೌರವ ಬೇರೊಂದಿಲ್ಲವೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಪ್ರಶಂಸೆಯ ಮಾತಿಗೂ ಒಂದು ತೂಕವಿರುತ್ತದೆ. ಆ ತೂಕ ಯಾರ ಹೆಗಲ ಮೇಲೆ ಬೀಳುತ್ತದೆಂಬುದನ್ನು ವಿಚಾರಿಸುವುದು ಭಾಷಾಜ್ಞಾನಕ್ಕಷ್ಟೇ ಸೇರಿದ ಕೆಲಸವಲ್ಲ. ಅದು ಶ್ರಾವಕಧರ್ಮಕ್ಕೂ ಸಂಬಂಧಪಟ್ಟ ವಿಷಯ.

ಶಬ್ದದ ಮೂಲವನ್ನು ಮೊದಲು ನೋಡಬೇಕು. ಲ್ಯಾಟಿನ್ ಭಾಷೆಯ ‘ಟಾಲರಾರೆ’ ಎಂಬ ಕ್ರಿಯಾಪದಕ್ಕೆ ಹೊರು, ತಾಳಿಕೊ ಎಂದು ಅರ್ಥ. ‘ಎತ್ತು’ ಎಂಬ ಅರ್ಥದ ‘ಟಾಲ್ಲೆರೆ’ ಇದರ ಹತ್ತಿರದ ನಂಟು. ಭಾಷಾಶಾಸ್ತ್ರಜ್ಞರು ಈ ಪದಗಳನ್ನು ಸಂಸ್ಕೃತದ ‘ತುಲ್’ ಧಾತುವಿನೊಂದಿಗೆ ಒಂದೇ ಕುಲಕ್ಕೆ ಸೇರಿಸುತ್ತಾರೆ. ಎತ್ತಿ ತೂಗು ಎಂಬುದೇ ಆ ಧಾತುವಿನ ಅರ್ಥ. ತುಲಾ, ತುಲನೆ, ತುಲಾಭಾರ ಇವೆಲ್ಲ ಅದರಿಂದಲೇ ಬಂದವು. ಚಿನ್ನದ ಅಂಗಡಿಯಲ್ಲಿ ಇಂದಿಗೂ ಹಿರಿಯರ ಬಾಯಲ್ಲಿ ಉಳಿದಿರುವ ‘ತೊಲ’ ಕೂಡ ಅದೇ ಮನೆತನದ ಕೂಸು. ಗ್ರೀಕ್ ಭಾಷೆಯಲ್ಲಿ ತಕ್ಕಡಿಗೂ ಒಂದು ಪ್ರಮಾಣದ ತೂಕಕ್ಕೂ ‘ಟಾಲಂಟಾನ್’ ಎನ್ನುತ್ತಿದ್ದರು. ಇಂದಿನ ‘ಟ್ಯಾಲೆಂಟ್’ ಹುಟ್ಟಿದ್ದು ಅದರಿಂದ. ಹೀಗೆ ಪರದೇಶದ್ದೆಂದು ತೋರುವ ಈ ಗುಣವಾಚಕಕ್ಕೆ ಭಾರತದ ವರ್ತಕನ ತಕ್ಕಡಿಯೊಡನೆ ಬಹು ಪ್ರಾಚೀನವಾದ ಬಾಂಧವ್ಯವಿದೆ. ಭಾರವನ್ನು ಎತ್ತಿ ಹಿಡಿದಿರುವವನು ಎಂಬುದೇ ಅದರ ಮೂಲಾರ್ಥ.

ಇಂಗ್ಲಿಷಿನಲ್ಲಿ ಈ ಗುಣವಾಚಕ ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ, ಫ್ರೆಂಚ್ ಭಾಷೆಯ ಮೂಲಕ, ರೂಢಿಗೆ ಬಂತು. ಅದಕ್ಕೆ ಮುಂಚೆ ಇದೇ ಮೂಲದ ನಾಮಪದಗಳಿದ್ದವು. ಅವು ನೋವನ್ನೂ ಕಷ್ಟವನ್ನೂ ತಾಳಿಕೊಳ್ಳುವ ಶಕ್ತಿಯನ್ನು ಸೂಚಿಸುತ್ತಿದ್ದವು. ಯೂರೋಪಿನಲ್ಲಿ ಕ್ರೈಸ್ತ ಪಂಗಡಗಳು ಪರಸ್ಪರ ಕಾದಾಡಿ ದಣಿದ ಮೇಲೆ ಈ ಮಾತು ರಾಜನೀತಿಗೆ ಪ್ರವೇಶಿಸಿತು. 1689ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಅಂಗೀಕರಿಸಿದ ಟಾಲರೇಷನ್ ಶಾಸನವು ಅಧಿಕೃತ ಚರ್ಚಿಗೆ ಸೇರದ ಪ್ರಾಟೆಸ್ಟೆಂಟರಿಗೆ ಪ್ರತ್ಯೇಕವಾಗಿ ಪ್ರಾರ್ಥನೆ ಸಲ್ಲಿಸಲು ಅನುಮತಿ ನೀಡಿತು. ಕ್ಯಾಥೊಲಿಕರಿಗೆ ಆ ಅನುಮತಿಯೂ ದೊರೆಯಲಿಲ್ಲ. ಅನುಮತಿ ಪಡೆದವರಿಗೂ ಸರಕಾರಿ ಅಧಿಕಾರ ಸ್ಥಾನಗಳ ಬಾಗಿಲು ತೆರೆಯಲಿಲ್ಲ. ಅಂದರೆ ‘ನಿಮ್ಮದು ತಪ್ಪೆಂದು ಬಲ್ಲೆವು, ಆದರೂ ದಂಡಿಸದೆ ಬಿಟ್ಟಿದ್ದೇವೆ’ ಎಂಬುದು ಆ ಕಾಯಿದೆಯ ಅಂತರಂಗ. ‘ಟಾಲರಂಟ್’ ಎಂಬ ಗುಣವಾಚಕ ಹುಟ್ಟಿದ್ದು ಈ ವಾತಾವರಣದಲ್ಲಿ. ಆದುದರಿಂದಲೇ ಅದು ಬಲವುಳ್ಳವನಿಗೆ ಮಾತ್ರ ಒಪ್ಪುವ ಮಾತಾಗಿದೆ. ಯಜಮಾನನು ಆಳಿನ ವಿಷಯದಲ್ಲಿ ಟಾಲರಂಟ್ ಆಗಿದ್ದಾನೆಂದು ಹೇಳಬಹುದು. ಆಳು ಯಜಮಾನನ ವಿಷಯದಲ್ಲಿ ಟಾಲರಂಟ್ ಆಗಿದ್ದಾನೆಂದು ಯಾರೂ ಹೇಳುವುದಿಲ್ಲ.

ಬೇರೆ ಕ್ಷೇತ್ರಗಳಲ್ಲಿ ಈ ಪದ ತನ್ನ ಮೂಲಾರ್ಥಕ್ಕೆ ಹೆಚ್ಚು ನಿಷ್ಠವಾಗಿದೆ. ಕೃಷಿ ವಿಜ್ಞಾನದಲ್ಲಿ ಮಳೆಯ ಕೊರತೆಯನ್ನು ತಾಳಿಕೊಳ್ಳುವ ರಾಗಿಯಂಥ ಬೆಳೆಗೆ ಈ ವಿಶೇಷಣವನ್ನು ಸೇರಿಸುತ್ತಾರೆ. ಅರಸೀಕೆರೆ ಸೀಮೆಯ ರೈತನಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಾಲು ಜೀರ್ಣವಾಗದ ದೇಹಪ್ರಕೃತಿಗೆ ವೈದ್ಯರು ಇದರ ನಿಷೇಧರೂಪವನ್ನು ಬಳಸುತ್ತಾರೆ. ಲೇತ್ ಯಂತ್ರದ ಮೇಲೆ ಕೆಲಸ ಮಾಡುವವರು ಒಂದು ಭಾಗದ ಅಳತೆ ಎಷ್ಟು ಕೂದಲೆಳೆ ಹೆಚ್ಚುಕಡಿಮೆಯಾದರೂ ಯಂತ್ರ ನಡೆಯುತ್ತದೆಂಬ ಮಿತಿಗೆ ‘ಟಾಲರೆನ್ಸ್’ ಎನ್ನುತ್ತಾರೆ. ಈ ಎಲ್ಲ ಕಡೆಗಳಲ್ಲಿಯೂ ಎರಡು ಸಂಗತಿಗಳು ಸ್ಪಷ್ಟವಾಗಿವೆ. ಹೊರಬೇಕಾದ ಒಂದು ಭಾರವಿದೆ. ಆ ಭಾರಕ್ಕೆ ಒಂದು ಮಿತಿಯೂ ಇದೆ.

ಕನ್ನಡದಲ್ಲಿ ಇದಕ್ಕೆ ಸಮಾನವಾಗಿ ‘ಸಹಿಷ್ಣು’ ಎಂಬ ಪದವನ್ನು ಬಳಸುತ್ತೇವೆಂದು ನಿಘಂಟುಗಳು ಸೂಚಿಸುತ್ತವೆ. ‘ಸಹ್’ ಧಾತುವಿಗೂ ತಾಳು ಎಂಬ ಅರ್ಥವಿದೆ. ಆದರೆ ಜೈನ ಶಾಸ್ತ್ರದಲ್ಲಿ ಆ ಧಾತು ಹಿಡಿದ ದಾರಿಯೇ ಬೇರೆ. ‘ಪರೀಷಹ’ ಎಂಬ ಪಾರಿಭಾಷಿಕ ಪದ ಹುಟ್ಟಿದ್ದು ಅದರಿಂದಲೇ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹಸಿವು, ಬಾಯಾರಿಕೆ, ಶೀತ, ಉಷ್ಣ, ಕೀಟಗಳ ಕಡಿತ, ನಿಂದೆಯ ಮಾತು ಮುಂತಾದ 22 ಪರೀಷಹಗಳ ಎಣಿಕೆಯಿದೆ. ಮುನಿಯು ಇವನ್ನು ತಾನಾಗಿ ಹೊರುತ್ತಾನೆ, ಕರ್ಮನಿರ್ಜರೆಗಾಗಿ ಹೊರುತ್ತಾನೆ. ‘ಚಳಿಗೆ ನಾನು ಅನುಮತಿ ನೀಡಿದ್ದೇನೆ’ ಎಂದು ಅವನು ಎಣಿಸುವುದಿಲ್ಲ. ಇಲ್ಲಿ ತಾಳ್ಮೆಯು ಬಲವುಳ್ಳವನ ಔದಾರ್ಯವಲ್ಲ, ಸಾಧಕನ ತಪಸ್ಸು. ಇಂಗ್ಲಿಷ್ ಗುಣವಾಚಕವನ್ನೂ ಈ ಪದವನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದರೆ ಅರ್ಥದ ಬಹುಭಾಗ ಸೋರಿಹೋಗುತ್ತದೆ.

ಈ ವಿಚಾರ ಅರಸೀಕೆರೆಯಲ್ಲಿ ನೆಲೆಸಿರುವ ನಿವೃತ್ತ ಇಂಗ್ಲಿಷ್ ಅಧ್ಯಾಪಕರೊಬ್ಬರನ್ನು ಕೆಲವು ತಿಂಗಳ ಕಾಲ ಕಾಡಿತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಆ ಬಳಿಕ ಈ ಭಾಗಕ್ಕೆ ಬರುವ ಯಾತ್ರಿಕರಿಗಾಗಿ ಜೈನ ನೆಲೆಗಳ ಪರಿಚಯವನ್ನು ಇಂಗ್ಲಿಷಿನಲ್ಲಿ ಮುದ್ರಿಸಬೇಕೆಂದು ಒಂದು ಟ್ರಸ್ಟು ನಿರ್ಧರಿಸಿತು. ಕರಡನ್ನು ತಿದ್ದುವ ಕೆಲಸವನ್ನು ಈ ಹಿರಿಯರಿಗೆ ಒಪ್ಪಿಸಿತು. ಹೊಯ್ಸಳ ಅರಸರು ಜೈನರ ಬಗ್ಗೆ ಟಾಲರಂಟ್ ಆಗಿದ್ದರು ಎಂಬ ವಾಕ್ಯ ಕರಡಿನ ಮೊದಲಲ್ಲೇ ಇತ್ತು. ವ್ಯಾಕರಣದಲ್ಲಿ ದೋಷವೇನೂ ಇರಲಿಲ್ಲ. ಆದರೂ ಅವರ ಪೆನ್ಸಿಲು ಅಲ್ಲಿಯೇ ನಿಂತಿತು.

ನಿಲ್ಲಲು ಕಾರಣವಿತ್ತು. ವಿಷ್ಣುವರ್ಧನನಿಗೆ ತಲಕಾಡನ್ನು ಗೆದ್ದುಕೊಟ್ಟ ದಂಡನಾಯಕ ಗಂಗರಾಜನು ಜೈನ. ಪಟ್ಟದರಸಿ ಶಾಂತಲೆ ಜಿನಭಕ್ತೆ. ಶ್ರವಣಬೆಳಗೊಳದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಆಕೆಯೇ ಬೇಲೂರಿನ ಆವರಣದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯನ್ನೂ ಮಾಡಿಸಿದಳು. ಗಂಗರಾಜನ ಮಗ ಬೊಪ್ಪದೇವನು ತಂದೆಯ ನೆನಪಿಗಾಗಿ 1133ರಲ್ಲಿ ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿಯನ್ನು ನಿರ್ಮಿಸಿದನು. ಅಲ್ಲಿಯ ಪೂಜೆಯ ಶೇಷವು ಅರಸನ ಬಳಿಗೆ ಬಂದಾಗ ಯುದ್ಧದ ಜಯವೂ ಪುತ್ರಜನನವೂ ಕೂಡಿ ಬಂದಿದ್ದವು; ಆದುದರಿಂದ ಅರಸನು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನೆಂದು ಶಾಸನ ಹೇಳುತ್ತದೆ. ತನ್ನ ಮಗನಿಗೂ ಒಬ್ಬ ತೀರ್ಥಂಕರನಿಗೂ ಒಂದೇ ಬಿರುದನ್ನು ಹಂಚಿದ ಅರಸನನ್ನು ‘ಸಹಿಸಿಕೊಂಡಿದ್ದವನು’ ಎಂದು ಬಣ್ಣಿಸುವುದು ಆ ಅರಸನಿಗೂ ಅವಮಾನ, ಆ ಬಸದಿಯನ್ನು ಕಟ್ಟಿಸಿದವರಿಗೂ ಅವಮಾನ. ಮನೆಯ ತೊಲೆಯನ್ನು ಹೊತ್ತ ಕಂಬವನ್ನು ಮನೆಯವರು ಸಹಿಸಿಕೊಂಡಿದ್ದಾರೆಂದು ಹೇಳುವಂತಾಗುತ್ತದೆ.

ಅರಸೀಕೆರೆಯ ಸಾಕ್ಷ್ಯ ಇದಕ್ಕಿಂತ ನೇರವಾಗಿದೆ. ಅಲ್ಲಿಯ ಸಹಸ್ರಕೂಟ ಜಿನಾಲಯವನ್ನು 1220ರಲ್ಲಿ ಕಟ್ಟಿಸಿದವನು ರೇಚರಸ. ಮೊದಲು ಕಳಚುರಿಗಳ ಸೇವೆಯಲ್ಲಿದ್ದು ಅನಂತರ ವೀರಬಲ್ಲಾಳನ ಆಶ್ರಯಕ್ಕೆ ಬಂದ ಈ ಮಂತ್ರಿಯ ಬಿರುದು ‘ವಸುಧೈಕಬಾಂಧವ’. ಊರಿನ ನಕ್ಷತ್ರಾಕಾರದ ಮಂಟಪವುಳ್ಳ ಈಶ್ವರ ದೇವಾಲಯವೂ ಸುಮಾರು ಅದೇ ಕಾಲದ್ದು. ಒಂದೇ ಊರು, ಒಂದೇ ತಲೆಮಾರು, ಎರಡು ಮತಗಳ ಶಿಲ್ಪ. ಆ ಕಾಲದವರು ಆರಿಸಿಕೊಂಡ ಬಿರುದು ‘ಸಹಿಷ್ಣು’ ಎಂದಲ್ಲ, ‘ಬಾಂಧವ’ ಎಂದು. ಬಂಧುವು ಬಂಧುವಿನೊಡನೆ ಜಗಳವಾಡಬಹುದು, ಮುನಿಸಿಕೊಳ್ಳಬಹುದು. ಆದರೆ ಅನುಮತಿ ಕೊಟ್ಟು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳುವುದಿಲ್ಲ.

ಹಾಗೆಂದು ಚರಿತ್ರೆಯೆಲ್ಲ ಬಾಂಧವ್ಯವೇ ಆಗಿರಲಿಲ್ಲ. ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಕಲಹವುಂಟಾಯಿತು. 1368ರ ಶ್ರವಣಬೆಳಗೊಳದ ಶಾಸನದ ಪ್ರಕಾರ ಅರಸನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯಗಳಿಗೂ ಕಲಶಕ್ಕೂ ಜೈನರಿಗೆ ಹಿಂದಿನಿಂದ ಇದ್ದ ಹಕ್ಕನ್ನು ಸ್ಥಿರಪಡಿಸಿದನು. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಸಂಗ್ರಹಿಸಿ ಬೆಳಗೊಳದ ದೇವರ ಕಾವಲಿಗೆ 20 ಮಂದಿಯನ್ನು ನೇಮಿಸುವ, ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವ ಹೊಣೆಯನ್ನು ತಿರುಮಲೆಯ ತಾತಯ್ಯನಿಗೆ ವಹಿಸಲಾಯಿತು. ಹಣ ಒಂದು ಪಕ್ಷದ್ದು, ಕಾವಲಿನ ಹೊಣೆ ಮತ್ತೊಂದು ಪಕ್ಷದ್ದು. ಇದಾಗಿ ನಾಲ್ಕು ಶತಮಾನಗಳ ಮೇಲೆ, 1781ರಲ್ಲಿ, ಆಸ್ಟ್ರಿಯಾದ ದೊರೆ ಎರಡನೆಯ ಜೋಸೆಫನು ಹೊರಡಿಸಿದ ಟಾಲರೇಷನ್ ಆಜ್ಞೆಯನ್ನು ಇದರೊಡನೆ ಹೋಲಿಸಬಹುದು. ಕ್ಯಾಥೊಲಿಕರಲ್ಲದ ಕ್ರೈಸ್ತರು ಪ್ರಾರ್ಥನಾಗೃಹ ಕಟ್ಟಿಕೊಳ್ಳಬಹುದು. ಆದರೆ ಅದಕ್ಕೆ ಗೋಪುರವಿರಕೂಡದು, ಗಂಟೆಯಿರಕೂಡದು, ಬೀದಿಯ ಕಡೆಗೆ ಬಾಗಿಲಿರಕೂಡದು ಎಂಬುದು ಅದರ ನಿಬಂಧನೆ. ಒಂದೆಡೆ ವಾದ್ಯವನ್ನು ಬಾರಿಸುವ ಹಕ್ಕು, ಇನ್ನೊಂದೆಡೆ ಸದ್ದಿಲ್ಲದೆ ಇರುವ ಅನುಮತಿ. ಎರಡನ್ನೂ ಒಂದೇ ಗುಣವಾಚಕದಿಂದ ಕರೆಯುವುದು ನ್ಯಾಯವೆನಿಸದು.

ಹಳೇಬೀಡಿನ 1638ರ ಶಾಸನ ಮತ್ತಷ್ಟು ಕಠಿಣವಾದ ಪಾಠವನ್ನು ಮುಂದಿಡುತ್ತದೆ. ವಿಜಯಪಾರ್ಶ್ವನ ಬಸದಿಯ ಕಂಬಗಳು ಕನ್ನಡಿಯಂತೆ ಹೊಳೆಯುವ ನಯಗೆಲಸಕ್ಕೆ ಹೆಸರಾದವು. ಹುಚ್ಚಪ್ಪದೇವನೆಂಬುವನು ಆ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದನು; ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ವಿವಾದ ಬೆಳೆಯಿತು. ಬೇಲೂರು ಸೀಮೆಯ ಜೈನ ಪ್ರಮುಖರೂ ವೀರಶೈವ ಮಹಾಮಹತ್ತಿನ ಹಿರಿಯರೂ ಕೂಡಿ ತೀರ್ಮಾನಕ್ಕೆ ಬಂದರು. ಜೈನರು ಮೊದಲು ವಿಭೂತಿ ವೀಳ್ಯವನ್ನು ಸಲ್ಲಿಸಿ, ಬಳಿಕ ತಮ್ಮ ಪೂಜೆ ಪುರಸ್ಕಾರಗಳನ್ನು ಹಿಂದಿನಂತೆ ಆಚಂದ್ರಾರ್ಕವಾಗಿ ನಡೆಸಿಕೊಂಡು ಬರಬಹುದು. ಈ ಜಿನಧರ್ಮಕ್ಕೆ ಅಡ್ಡಿಪಡಿಸುವ ವೀರಶೈವನು ತನ್ನ ಮಹಾಮಹತ್ತಿಗೆ ಹೊರಗು, ಶಿವನಿಗೂ ಜಂಗಮಕ್ಕೂ ದ್ರೋಹಿ ಎಂದು ವೀರಶೈವ ಹಿರಿಯರೇ ಬರೆಸಿದರು. ಇಲ್ಲಿ ಹೆಚ್ಚಿನ ಭಾರ ಬಲವಿಲ್ಲದ ಪಕ್ಷದ ಮೇಲೆ ಬಿದ್ದಿತೆಂಬುದು ನಿಜ. ತಮ್ಮ ಜಿನಾಲಯದಲ್ಲಿ ತಮ್ಮ ಪೂಜೆಗೆ ಮುಂಚೆ ಮತ್ತೊಂದು ಮತದ ಗುರುತಿಗೆ ಮರ್ಯಾದೆ ಸಲ್ಲಿಸುವುದು ಆ ಶ್ರಾವಕರಿಗೆ ಸುಲಭವಾಗಿರಲಾರದು. ಆದರೆ ಎದುರು ಪಕ್ಷದವರೂ ತಮ್ಮ ಧರ್ಮದ ಅತ್ಯಂತ ಪವಿತ್ರ ವಸ್ತುಗಳನ್ನೇ ಸಾಕ್ಷಿಯಾಗಿಟ್ಟು ತಮ್ಮವರ ಕೈಗಳನ್ನು ಕಟ್ಟಿದರು. ತಕ್ಕಡಿ ಸಮವಾಗಿರಲಿಲ್ಲ, ಆದರೂ ಎರಡು ತಟ್ಟೆಗಳಲ್ಲಿಯೂ ತೂಕವಿತ್ತು.

ಟ್ರಸ್ಟಿನ ಸಭೆಯಲ್ಲಿ ಈ ಪ್ರಸಂಗದ ಬಗೆಗೆ ಭಿನ್ನಾಭಿಪ್ರಾಯ ತೋರಿಬಂತು. ಹಳೆಯ ಗಾಯವನ್ನು ಕೆದಕುವುದು ಬೇಡ, ಅದನ್ನು ಬಿಟ್ಟುಬಿಡೋಣವೆಂದು ಕೆಲವರು ಹೇಳಿದರು. ಮುದ್ರೆ ಒತ್ತಿದ ಸಂಗತಿಯನ್ನು ದಪ್ಪಕ್ಷರದಲ್ಲಿ ಹಾಕಬೇಕೆಂದು ಮತ್ತೆ ಕೆಲವರ ವಾದ. ಅಧ್ಯಾಪಕರು ಮೂರು ಸಂಗತಿಗಳನ್ನೂ, ಎಂದರೆ ಒತ್ತಿದ್ದನ್ನೂ ಅಳಿಸಿದ್ದನ್ನೂ ಒಪ್ಪಂದವನ್ನೂ, ಒಂದೇ ಅಳತೆಯ ಅಕ್ಷರದಲ್ಲಿ ಮುದ್ರಿಸಬೇಕೆಂದು ಸೂಚಿಸಿದರು. ಯಾವ ಪಕ್ಷಕ್ಕೂ ಟಾಲರಂಟ್ ಎಂಬ ಪ್ರಶಸ್ತಿ ಬೇಡವೆಂದೂ ಹೇಳಿದರು.

ಅವರ ಮನಸ್ಸು ಈ ನಿಲುವಿಗೆ ಬರಲು ಶಾಸನಗಳಷ್ಟೇ ಕಾರಣವಾಗಿರಲಿಲ್ಲ. ಅವರ ಮಗ ವೀರಶೈವ ಮನೆತನದ ಕನ್ಯೆಯನ್ನು ವಿವಾಹವಾಗಿದ್ದನು. ದೇವರ ಕೋಣೆಯಲ್ಲಿ ಪಾರ್ಶ್ವನಾಥ ಸ್ವಾಮಿಯ ಬಿಂಬಕ್ಕೆ ಪೂಜೆ ನಡೆಯುತ್ತಿತ್ತು. ಪಕ್ಕದ ಗೋಡೆಯ ಗೂಡಿನಲ್ಲಿ ಸೊಸೆಯ ವಿಭೂತಿಗಟ್ಟಿ ಇರುತ್ತಿತ್ತು. ಆಕೆ ಬೆಳಗ್ಗೆ ಅಲ್ಲಿಯೇ ಕುಳಿತು ಇಷ್ಟಲಿಂಗ ಪೂಜೆ ಮುಗಿಸಿ ಹಾಸನದ ಕಚೇರಿಗೆ ಹೋಗುತ್ತಿದ್ದಳು. ಒಂದು ಭಾನುವಾರ ಬಂದಿದ್ದ ಬಂಧುಗಳೊಬ್ಬರು ಅದನ್ನು ಕಂಡು, “ಮೇಷ್ಟ್ರೇ, ನೀವು ನಿಜವಾಗಿಯೂ ಟಾಲರಂಟ್. ನಮ್ಮ ಮನೆಯಲ್ಲಾಗಿದ್ದರೆ ಇದು ನಡೆಯುತ್ತಿರಲಿಲ್ಲ” ಎಂದರು. ಮೆಚ್ಚುಗೆಯಿಂದಲೇ ಹೇಳಿದ ಮಾತು. ಅವರು ಹೊರಟುಹೋದ ಮೇಲೆ ಸೊಸೆ ಕಾಫಿಯ ಲೋಟಗಳನ್ನು ಎತ್ತಿಕೊಳ್ಳುತ್ತ, “ಮಾವ, ಇಷ್ಟು ದಿನ ನನ್ನನ್ನು ಸಹಿಸಿಕೊಂಡು ಬಂದಿದ್ದೀರಾ?” ಎಂದು ಕೇಳಿದಳು. ದನಿಯಲ್ಲಿ ಕೋಪವಿರಲಿಲ್ಲ. ನಲವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದ ಹಿರಿಯರಿಗೆ ಆ ಗಳಿಗೆಯಲ್ಲಿ ಯಾವ ಭಾಷೆಯಲ್ಲಿಯೂ ಉತ್ತರ ದೊರೆಯಲಿಲ್ಲ.

ಉತ್ತರವನ್ನು ಹುಡುಕಿದವರು ಅತ್ತೆ. ಸೊಸೆ ಆ ಮನೆಗೆ ಬಂದ ದಿನದಿಂದ ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಗಳನ್ನು ಬಿಟ್ಟಿದ್ದಳು. ಸೂರ್ಯಾಸ್ತದ ಮೇಲೆ ಆ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಆಕೆ ಕಚೇರಿಯಿಂದ ಹಿಂತಿರುಗುವಾಗ ಏಳೂವರೆ ಗಂಟೆ. ಮನೆಯ ವ್ರತಕ್ಕೆ ಭಂಗ ಬರಬಾರದೆಂದು ನೀರು ಕುಡಿದು ಮಲಗಿದ ರಾತ್ರಿಗಳು ಹಲವು. ಆಕೆ ಅದನ್ನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ಗೂಡಿನಲ್ಲಿದ್ದ ಒಂದು ವಿಭೂತಿಗಟ್ಟಿಯನ್ನು ಹೊತ್ತ ಹೆಮ್ಮೆ ಮನೆಯವರದು. ಪ್ರತಿ ಸಂಜೆಯ ಹಸಿವನ್ನು ಹೊತ್ತವಳು ಆಕೆ. ಮರುದಿನದಿಂದ ಅತ್ತೆ ಬೆಳಗ್ಗೆ ಎರಡು ಬುತ್ತಿ ಕಟ್ಟತೊಡಗಿದರು. ಒಂದು ಮಧ್ಯಾಹ್ನಕ್ಕೆ, ಇನ್ನೊಂದು ಸಂಜೆ ಹೊತ್ತು ಮುಳುಗುವ ಮುನ್ನ ಕಚೇರಿಯಲ್ಲಿಯೇ ಉಣ್ಣಲು. ವ್ರತವೂ ಉಳಿಯಿತು, ಹಸಿವೂ ನೀಗಿತು.

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರವು ಹೇಳುತ್ತದೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದನ ಇವು ಎಲ್ಲರ ಕಣ್ಣಿಗೂ ಕಾಣುವ ಹಿಂಸೆ. ನಾಲ್ಕನೆಯದು ಮಿತಿಮೀರಿದ ಭಾರವನ್ನು ಹೇರುವುದು. ಐದನೆಯದು ಅನ್ನಪಾನಗಳಿಗೆ ಅಡ್ಡಿಯಾಗುವುದು. ಇವೆರಡೂ ಕೈಯೆತ್ತದೆಯೇ, ದನಿಯೇರಿಸದೆಯೇ ನಡೆದುಹೋಗಬಲ್ಲ ಹಿಂಸೆಗಳು. ಎತ್ತು, ಕತ್ತೆ, ಆಳುಗಳ ವಿಷಯದಲ್ಲಿ ಮಾತ್ರ ಇದನ್ನು ಅನ್ವಯಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ‘ಟಾಲರಂಟ್’ ಎಂಬ ಮಾತಿನ ಮೂಲಾರ್ಥವೇ ಭಾರ ಹೊರುವುದಾಗಿರುವಾಗ, ಶ್ರಾವಕನು ಕೇಳಿಕೊಳ್ಳಬೇಕಾದ ಪ್ರಶ್ನೆ ತಾನೆಷ್ಟು ಹೊತ್ತಿದ್ದೇನೆಂಬುದಲ್ಲ, ತಾನು ಇತರರ ಮೇಲೆ ಎಷ್ಟು ಹೇರಿದ್ದೇನೆಂಬುದು. ಮೊದಲನೆಯ ಪ್ರಶ್ನೆಯಿಂದ ಮಾನಕಷಾಯ ಬೆಳೆಯುತ್ತದೆ; ಎರಡನೆಯದರಿಂದ ಅದು ಕ್ಷೀಣವಾಗುತ್ತದೆ.

ಈ ಪದದ ಕೊರತೆಯನ್ನು ದೊಡ್ಡವರು ಮೊದಲೇ ಗುರುತಿಸಿದ್ದರು. 1893ರ ಷಿಕಾಗೊ ಸರ್ವಧರ್ಮ ಸಮ್ಮೇಳನದಲ್ಲಿ, ಜೈನಧರ್ಮದ ಪ್ರತಿನಿಧಿಯಾಗಿ ವೀರಚಂದ ರಾಘವಜಿ ಗಾಂಧಿಯವರು ಭಾಗವಹಿಸಿದ್ದ ಅದೇ ವೇದಿಕೆಯಲ್ಲಿ, ಸ್ವಾಮಿ ವಿವೇಕಾನಂದರು ಸಹಿಷ್ಣುತೆ ಸಾಲದು, ಸ್ವೀಕಾರ ಬೇಕೆಂಬ ಅಭಿಪ್ರಾಯವನ್ನು ಮಂಡಿಸಿದರು. 1930ರಲ್ಲಿ ಯರವಡಾ ಜೈಲಿನಿಂದ ಆಶ್ರಮವಾಸಿಗಳಿಗೆ ಬರೆದ ಪತ್ರಗಳಲ್ಲಿ ಮಹಾತ್ಮಾ ಗಾಂಧಿಯವರು ಈ ಇಂಗ್ಲಿಷ್ ಪದ ತಮಗೆ ಒಪ್ಪಿಗೆಯಿಲ್ಲವೆಂದೂ, ಅನ್ಯ ಧರ್ಮವು ಕೀಳೆಂಬ ಎಣಿಕೆ ಅದರೊಳಗೆ ಅಡಗಿರಬಹುದೆಂದೂ, ಅಹಿಂಸೆಯು ಕಲಿಸುವುದು ಸಮಾನ ಗೌರವವನ್ನೆಂದೂ ವಿವರಿಸಿದರು. ಜೈನ ಪರಂಪರೆಯಲ್ಲಂತೂ ಇದಕ್ಕೆ ಸಿದ್ಧವಾದ ಭಾವನೆಗಳಿವೆ. ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶಪಡುವವರಲ್ಲಿ ಕಾರುಣ್ಯ, ತಿದ್ದಲಾಗದವರಲ್ಲಿ ಮಾಧ್ಯಸ್ಥ್ಯ. ಸಹಿಸಿಕೊಳ್ಳುವುದಕ್ಕೆ ಸಮೀಪವಾದ ಮಾಧ್ಯಸ್ಥ್ಯವು ಇಲ್ಲಿ ಕೊನೆಯದು, ಮೊದಲನೆಯದು ಮೈತ್ರಿ. ನೆರೆಯವರನ್ನೋ ಸೊಸೆಯನ್ನೋ ಅನ್ಯ ಪಂಥದ ಶ್ರಾವಕರನ್ನೋ ಸಹಿಸಿಕೊಂಡಿದ್ದೇವೆ ಎನ್ನುವವರು ಮೊದಲಿನ ಮೂರನ್ನು ದಾಟಿ ಕೊನೆಯದರಿಂದಲೇ ಆರಂಭಿಸಿದಂತಾಯಿತು.

ಪರಿಚಯಪತ್ರ ಅಚ್ಚಾದಾಗ ಆ ವಾಕ್ಯ ಬದಲಾಗಿತ್ತು. ಹೊಯ್ಸಳ ರಾಜ್ಯವನ್ನು ಕಟ್ಟಿದವರಲ್ಲಿ ಜೈನರೂ ಇದ್ದರು, ಅವರ ಬಸದಿಗಳು ಆ ರಾಜ್ಯದ ಜೊತೆಯಲ್ಲಿಯೇ ಬೆಳೆದವು ಎಂದಷ್ಟೇ ಅಲ್ಲಿದೆ. ಒಂದು ಗುಣವಾಚಕ ಕಡಿಮೆಯಾದುದರಿಂದ ಯಾರ ಗೌರವವೂ ಕಡಿಮೆಯಾಗಲಿಲ್ಲ. ಆಯಾ ಬಸದಿಗಳ ಆಡಳಿತ ಮಂಡಳಿಗಳು, ಗೃಹಸ್ಥ ಕುಟುಂಬಗಳು ತಮ್ಮ ಫಲಕಗಳಲ್ಲಿಯೂ ಮಾತುಕತೆಯಲ್ಲಿಯೂ ಈ ಪದವನ್ನು ಬಳಸುವ ಮುನ್ನ ಒಮ್ಮೆ ತೂಗಿ ನೋಡುವುದು ಉಚಿತ. ಅದಕ್ಕೆ ಬೇಕಾದ ತಕ್ಕಡಿಯನ್ನು ಹೊರಗಿನಿಂದ ತರಿಸಬೇಕಾಗಿಲ್ಲ. ಅದು ಅಣುವ್ರತಗಳ ಪಟ್ಟಿಯಲ್ಲಿಯೇ ಇದೆ.